ಹಸುಳೆಯ ಅನ್ನವೂ ಲಸಿಕೆಯೂ



ಎಳೆಯ ಮಕ್ಕಳ ಆರೋಗ್ಯದ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡು ಬಗೆಯ ಉಪದೇಶ ಕೇಳಿಬರುವುದುಂಟು. ಮಗುವಿಗೆ ಚೆನ್ನಾಗಿ ಉಣಿಸಿರಿ ಎಂಬುದು ಒಂದು. ಕಾಲಕ್ಕೆ ಸರಿಯಾಗಿ ಲಸಿಕೆ ಹಾಕಿಸಿರಿ ಎಂಬುದು ಇನ್ನೊಂದು. ಮೊದಲನೆಯದನ್ನು ಅಜ್ಜಿಯರು ಹೇಳುತ್ತಾರೆ, ಎರಡನೆಯದನ್ನು ವೈದ್ಯರು. ಒಂದು ಅಡುಗೆಮನೆಯ ವಿಷಯ, ಮತ್ತೊಂದು ಆಸ್ಪತ್ರೆಯ ವಿಷಯ ಎಂದು ನಾವು ಇವೆರಡನ್ನೂ ಬೇರೆಬೇರೆ ಗೂಡುಗಳಲ್ಲಿ ಇರಿಸಿಬಿಟ್ಟಿದ್ದೇವೆ. ಹೀಗೆ ಬೇರ್ಪಡಿಸಿದುದರಿಂದ ಹಸುಳೆಗಳಿಗೆ ಆಗುತ್ತಿರುವ ಹಾನಿ ಅಲ್ಪವಲ್ಲ. ಅನ್ನಕ್ಕೂ ಲಸಿಕೆಗೂ ಇರುವ ನಂಟು ಎಂಥದು, ಒಂದನ್ನು ಬಿಟ್ಟರೆ ಮತ್ತೊಂದಕ್ಕೆ ಏನಾಗುತ್ತದೆ ಎಂಬುದನ್ನು ಈ ಹೊತ್ತು ತಮ್ಮೊಡನೆ ಆಲೋಚಿಸಬೇಕೆಂದು ನನ್ನ ಅಪೇಕ್ಷೆ.

ಈ ನಂಟನ್ನು ಅರಿಯದೆ ಆಡುವ ಮಾತುಗಳು ಎರಡು. "ಹಾಲು ತುಪ್ಪ ತಿಂದು ಬೆಳೆಯುತ್ತಿರುವ ಕೂಸು, ಇದಕ್ಕೇಕೆ ಸೂಜಿ?" ಎಂಬುದು ಅನುಕೂಲಸ್ಥರ ಮಾತು. "ಮಗು ಸೊರಗಿದೆ, ತುಸು ಮೈಕೈ ತುಂಬಿಕೊಳ್ಳಲಿ, ಸೂಜಿ ಆಮೇಲೆ ಹಾಕಿಸೋಣ" ಎಂಬುದು ಬಡವರ ಮಾತು; ಬಡವರದೇ ಏಕೆ, ಓದಿದವರ ಮನೆಗಳಲ್ಲೂ ಇದನ್ನು ಕೇಳಬಹುದು. ಎರಡೂ ಮಾತುಗಳು ಮಗುವಿನ ಮೇಲಣ ಪ್ರೀತಿಯಿಂದಲೇ ಹುಟ್ಟಿದುವು. ಎರಡೂ ತಪ್ಪು. ಅದರಲ್ಲಿಯೂ ಎರಡನೆಯದು ಪ್ರಾಣಕ್ಕೆ ಎರವಾಗುವಂಥ ತಪ್ಪು.

ಮೊದಲನೆಯದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನ ಅರಮನೆಯವರೆಗೆ ಹೋದರೆ ಸಾಕು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ ಗೋವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿಕೊಟ್ಟನು. ಆ ಲಸಿಕೆ ತೋಳಿನಿಂದ ತೋಳಿಗೆ ದಾಟುತ್ತ 1802ರಲ್ಲಿ ಬೊಂಬಾಯಿಗೆ ಬಂದಿತು. ಮೂರು ವರ್ಷಗಳ ತರುವಾಯ, 1805ರಲ್ಲಿ, ತಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರನು ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗಿನ್ನೂ ಬಾಲಕರು. ಆ ಪಟದಲ್ಲಿ ಒಬ್ಬ ರಾಣಿ ಸೆರಗನ್ನು ಸರಿಸಿ ತನ್ನ ತೋಳನ್ನು ತೋರುವಂತೆ ನಿಂತಿದ್ದಾಳೆ. ರಾಣೀವಾಸದವರು ಅನ್ಯನೊಬ್ಬನ ಮುಂದೆ ನಿಂತು ಚಿತ್ರ ಬರೆಯಿಸಿಕೊಂಡುದೇ ಆ ಕಾಲಕ್ಕೆ ಸೋಜಿಗ. ಇನ್ನು ತೋಳನ್ನು ತೋರುವುದೆಂದರೇನು! ಆಕೆ ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನೇ, ಈ ಪಟವನ್ನು ಬರೆಯಿಸಿದುದೂ ಪ್ರಜೆಗಳಿಗೆ ಧೈರ್ಯ ತುಂಬುವುದಕ್ಕಾಗಿಯೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರು ಊಹಿಸಿದ್ದಾರೆ. ಈ ಊಹೆಯನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಆದರೆ ರಾಜಗೃಹಗಳನ್ನೂ ಸಿಡುಬು ಬಿಟ್ಟಿರಲಿಲ್ಲವೆಂಬುದರಲ್ಲಿ ವಿವಾದವಿಲ್ಲ. ಅಲ್ಲಿ ಹಾಲಿಗೆ ಕೊರತೆಯಿತ್ತೆ, ತುಪ್ಪಕ್ಕೆ ಕೊರತೆಯಿತ್ತೆ? ಸೋಂಕು ಬಾಗಿಲಿಗೆ ಬಂದಾಗ ಒಳಗಿನ ಉಗ್ರಾಣ ಎಷ್ಟು ತುಂಬಿದೆಯೆಂದು ಅದು ವಿಚಾರಿಸುವುದಿಲ್ಲ. ಇಂದಿಗೂ ದಡಾರದ ವಿಷಯದಲ್ಲಿ ಹಾಗೆಯೇ: ಲಸಿಕೆಯಿಲ್ಲದ ಹತ್ತು ಮಕ್ಕಳು ದಡಾರದ ರೋಗಿಯ ಬಳಿ ಇದ್ದರೆ ಒಂಬತ್ತು ಮಕ್ಕಳಿಗೆ ಅದು ತಗಲುವುದು. ಆ ಒಂಬತ್ತರಲ್ಲಿ ಪುಷ್ಟವಾದ ಮಗುವೂ ಇರುತ್ತದೆ, ಬಡಕಲು ಮಗುವೂ ಇರುತ್ತದೆ. ಅವರಿಬ್ಬರ ದಾರಿ ಬೇರೆಯಾಗುವುದು ರೋಗ ತಗಲಿದ ಮೇಲೆ.

ಹೇಗೆಂಬುದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಹುಟ್ಟಿದಾಗ ಮೂರು ಕಿಲೋಗ್ರಾಮಿನ ಆಸುಪಾಸಿನಲ್ಲಿರುವ ಕೂಸು ಐದು ತಿಂಗಳಿಗೆ ಅದರ ಎರಡರಷ್ಟು, ವರ್ಷಕ್ಕೆ ಮೂರರಷ್ಟು ತೂಗಬೇಕು. ಮನುಷ್ಯನ ಆಯುಷ್ಯದಲ್ಲಿ ಇಷ್ಟು ವೇಗದ ಬೆಳವಣಿಗೆ ಮತ್ತೆ ಬರುವುದಿಲ್ಲ. ಬೆಳೆದವರಾದ ನಮ್ಮ ದೇಹ ಹಳೆಯ ಮನೆತನದಂತೆ: ವರಮಾನ ನಾಲ್ಕು ದಿನ ನಿಂತರೂ ಕಣಜದಲ್ಲಿ ಇರುವುದನ್ನು ತೆಗೆದು ಕಾಲ ಹಾಕಬಹುದು. ಕೂಸಿನ ಸಂಸಾರ ದಿನಗೂಲಿಯವನ ಸಂಸಾರ. ಅಂದಿನ ಗಳಿಕೆ ಅಂದಿನ ಖರ್ಚಿಗೆ ಸರಿ. ಅದರಲ್ಲಿಯೇ ಉಳಿಸಿ ಮನೆಯನ್ನೂ ಕಟ್ಟಬೇಕು.

ಈ ಸಂಸಾರಕ್ಕೆ ದಡಾರ ಹೊಕ್ಕಿತೆನ್ನಿ. ಮೈಶಾಖ ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ದೇಹದ ವೆಚ್ಚ ನೂರಕ್ಕೆ ಹತ್ತರಷ್ಟಾದರೂ ಹೆಚ್ಚುವುದು. ವೆಚ್ಚ ಏರುವ ಆ ಹೊತ್ತಿಗೇ ವರಮಾನ ಕಡಿದುಹೋಗುತ್ತದೆ: ಹಸಿವು ಮಾಯವಾಗುವುದು, ಬಾಯಿ ಹುಣ್ಣಾಗಿ ಮಗು ಮೊಲೆಯನ್ನೂ ಹಿಡಿಯಲಾರದು. ತಿಂದ ಅಷ್ಟಿಷ್ಟೂ ಮೈಗೆ ಹತ್ತುವುದಿಲ್ಲ, ಏಕೆಂದರೆ ದಡಾರವು ಚರ್ಮದ ಮೇಲೆ ಮಾತ್ರವಲ್ಲ, ಕರುಳಿನ ಒಳಪೊರೆಯ ಮೇಲೂ ತನ್ನ ಕೆಲಸವನ್ನು ನಡೆಸುತ್ತದೆ. ಅದರ ಹಿಂದೆಯೇ ಭೇದಿ ಬರುವುದು ಸಾಮಾನ್ಯ. ಇಷ್ಟು ಸಾಲದೆಂಬಂತೆ, ಕಣ್ಣನ್ನೂ ಕರುಳಿನ ಪೊರೆಯನ್ನೂ ಕಾಪಾಡತಕ್ಕ ಏ ಜೀವಸತ್ತ್ವವು ರೋಗದ ದಿನಗಳಲ್ಲಿ ಬೇಗಬೇಗ ವ್ಯಯವಾಗುತ್ತದೆ, ಮೂತ್ರದಲ್ಲಿಯೂ ಸೋರಿಹೋಗುತ್ತದೆ. ಮೊದಲೇ ಅದರ ಕೊರತೆಯಿದ್ದ ಮಗುವಿನ ಕಣ್ಣಿನ ಕರಿಗುಡ್ಡೆ ಕೆಲವೇ ದಿನಗಳಲ್ಲಿ ಮೆತ್ತಗಾಗಿ ಒಡೆದು ಮಗು ಶಾಶ್ವತವಾಗಿ ಕುರುಡಾಗಬಹುದು. ಹಿಂದಿನವರು "ಅಮ್ಮನು ಕಣ್ಣು ತೆಗೆದುಕೊಂಡಳು" ಎನ್ನುತ್ತಿದ್ದರು. ಕಣ್ಣು ತೆಗೆದುದು ರೋಗವೊಂದೇ ಅಲ್ಲ. ಬಹುಸಲ ಅದಕ್ಕೆ ಮುಂಚಿನ ತಿಂಗಳುಗಳ ಬರಿಯ ಗಂಜಿಯೂ ಅದರಲ್ಲಿ ಭಾಗಿ.

ಗಂದೆಗಳು ಬಾಡಿದ ಮೇಲೂ ಕಥೆ ಮುಗಿಯುವುದಿಲ್ಲ. ಬೇರೆ ಬೇರೆ ರೋಗಗಳನ್ನು ಎದುರಿಸಿ ದೇಹವು ಕಲಿತಿಟ್ಟುಕೊಂಡ ಪಾಠವನ್ನು ದಡಾರವು ಅಳಿಸಿಹಾಕುತ್ತದೆಂಬ ವಿಷಯ 2015ರಲ್ಲಿಯೂ 2019ರಲ್ಲಿಯೂ ಪ್ರಕಟವಾದ ಸಂಶೋಧನೆಗಳಿಂದ ಖಚಿತವಾಗಿದೆ. ಈ ಮರವೆ ಎರಡು ಮೂರು ವರ್ಷಗಳವರೆಗೂ ಇರಬಹುದು. ಹೀಗೆ ಮರೆತ ದೇಹಕ್ಕೆ ಕೆಮ್ಮು ಬರುವುದು, ಪುಪ್ಪುಸದ ಉರಿ ಬರುವುದು, ಮತ್ತೆ ಭೇದಿ ಬರುವುದು. ಒಂದೊಂದು ಸಲವೂ ತೂಕ ಇಳಿಯುವುದು. ಇಳಿದ ಮೈಗೆ ಮುಂದಿನ ಸೋಂಕು ಇನ್ನಷ್ಟು ಸುಲಭವಾಗಿ ಏರುವುದು. ನಮ್ಮ ತಾಯಂದಿರು "ಅಂದು ಅಮ್ಮ ಎದ್ದ ಮೇಲೆ ಈ ಮಗು ಏಳಿಗೆಯೇ ಆಗಲಿಲ್ಲ" ಎಂದು ಹೇಳುವುದನ್ನು ತಾವು ಕೇಳಿದ್ದೀರಿ. ಈ ಮಾತಿನಲ್ಲಿ ಮೂಢನಂಬಿಕೆಯೇನೂ ಇಲ್ಲ. ಅದು ನಿಜವಾದ ಅವಲೋಕನ. ಪಂಡಿತರು ಬಹುಕಾಲ ಕಿವಿಗೊಡಲಿಲ್ಲ, ಅಷ್ಟೆ.

ಕಿವಿಗೊಟ್ಟವರು ಕೆಲವರಿದ್ದರು. ಲಂಡನ್ನಿನ ಒಂದು ಜ್ವರದ ಆಸ್ಪತ್ರೆಯಲ್ಲಿ ಎಲಿಸನ್ ಎಂಬ ವೈದ್ಯರು ದಡಾರದ 600 ಮಕ್ಕಳನ್ನು ಎರಡು ಪಾಲು ಮಾಡಿ, 300 ಮಕ್ಕಳಿಗೆ ಮಾಮೂಲಿನ ಚಿಕಿತ್ಸೆಯೊಡನೆ ಮೀನೆಣ್ಣೆಯ ಸತ್ತ್ವವನ್ನೂ ಕೊಟ್ಟು, ಉಳಿದ 300ಕ್ಕೆ ಮಾಮೂಲಿನದನ್ನಷ್ಟೇ ಕೊಟ್ಟು ನೋಡಿದರು. ಸತ್ತ್ವ ಪಡೆದವರಲ್ಲಿ 11 ಮಕ್ಕಳು ತೀರಿಕೊಂಡುವು, ಪಡೆಯದವರಲ್ಲಿ 26. ಇದು ಅಚ್ಚಾದುದು 1932ರಲ್ಲಿ. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ವೈದ್ಯಲೋಕವು ಅರ್ಧ ಶತಮಾನಕ್ಕೂ ಮಿಕ್ಕು ಕಪಾಟಿನಲ್ಲಿಟ್ಟು ಮರೆತಿತೆಂಬುದು ಶೋಚನೀಯ. ದಕ್ಷಿಣ ಆಫ್ರಿಕದ ಕೇಪ್ ಟೌನಿನಲ್ಲಿ ಅದೇ ಪರೀಕ್ಷೆ ಬೇರೆ ರೀತಿಯಲ್ಲಿ ನಡೆದು ಅದೇ ಫಲವನ್ನು ಕೊಟ್ಟುದು 1990ರಲ್ಲಿ ಪ್ರಕಟವಾದ ಮೇಲೆಯೇ ಅದಕ್ಕೆ ಪೂರ್ಣ ಮನ್ನಣೆ ದೊರೆತುದು.

ಇತ್ತ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಈಗಿನ ಘಾನದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಮೈ ಬಾತು, ಕೂದಲು ಕೆಂಚಾಗಿ, ಚರ್ಮ ಸುಲಿದು ಸಾಯುವ ಮಕ್ಕಳನ್ನು ಕಂಡು 1930ರ ದಶಕದಲ್ಲಿ ಆ ರೋಗವನ್ನು ಲೋಕಕ್ಕೆ ತಿಳಿಸಿದಳು. ಅಲ್ಲಿನ ತಾಯಂದಿರು ಅದನ್ನು ಕರೆಯುತ್ತಿದ್ದ ಹೆಸರನ್ನೇ ಆಕೆ ಉಳಿಸಿಕೊಂಡಳು: ಕ್ವಾಶಿಯೋರ್ಕರ್. ಮತ್ತೊಂದು ಕೂಸು ಹುಟ್ಟಿದಾಗ ಮೊಲೆಯಿಂದ ದೂರವಾದ ಮಗುವಿಗೆ ಬರುವ ರೋಗವೆಂದು ಅದರ ಭಾವ. ಇದು ಆಹಾರದ ಕೊರತೆಯ ರೋಗ. ಆದರೆ ಹಸಿದ ಮಗು ಅರೆಹೊಟ್ಟೆಯಲ್ಲಿ ಹೇಗೋ ತೂಗಾಡುತ್ತಿದ್ದು, ಒಂದು ದಡಾರವೋ ಒಂದು ಭೇದಿಯೋ ಬಂದ ಮೇಲೆ ಈ ಸ್ಥಿತಿಗೆ ಜಾರುವುದನ್ನು ಆಮೇಲಿನ ವೈದ್ಯರು ಮತ್ತೆ ಮತ್ತೆ ಕಂಡರು.

ನೈಜೀರಿಯದ ಇಮೆಸಿ ಎಂಬ ಹಳ್ಳಿಯಲ್ಲಿ ಡೇವಿಡ್ ಮಾರ್ಲೆ ಎಂಬ ವೈದ್ಯರು ಮಾಡಿದ ಕೆಲಸವು ನನ್ನ ಮನಸ್ಸಿಗೆ ಬಹಳ ಹಿಡಿಸಿದುದು. ಪ್ರತಿಯೊಂದು ಮಗುವಿನ ತೂಕವನ್ನೂ ತಿಂಗಳು ತಿಂಗಳಿಗೆ ಒಂದು ಹಾಳೆಯ ಮೇಲೆ ಚುಕ್ಕೆಯಿಟ್ಟು ಗೆರೆ ಎಳೆದು ಅವರು ಗುರುತಿಸಿದರು. ಆ ಹಾಳೆಯನ್ನು ಆಸ್ಪತ್ರೆಯ ಬೀರುವಿನಲ್ಲಿಡದೆ ತಾಯಿಯ ಕೈಗೇ ಕೊಟ್ಟರು. ವೈದ್ಯರು ತಮ್ಮ ಕಾಗದಗಳನ್ನು ಓದುಬಾರದ ಹೆಂಗಸರ ವಶಕ್ಕೆ ಕೊಡುವುದು ಆಗ ಹೊಸ ಸಂಗತಿ. ಅದೇ ಹಳ್ಳಿಯಲ್ಲಿ 1960ರ ದಶಕದ ಆದಿಯಲ್ಲಿ ದಡಾರದ ಲಸಿಕೆಯನ್ನು ಮೊದಮೊದಲು ಪರೀಕ್ಷಿಸಿ ನೋಡಿದವರೂ ಅವರೇ. ಒಬ್ಬನೇ ವೈದ್ಯನು ಒಂದು ಕೈಯಲ್ಲಿ ತಕ್ಕಡಿಯನ್ನೂ ಇನ್ನೊಂದು ಕೈಯಲ್ಲಿ ಸೂಜಿಯನ್ನೂ ಹಿಡಿದುದು ಆಕಸ್ಮಿಕವಲ್ಲ. ಅದೇ ದಶಕದಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲದ ಸಾಂತಾ ಮರೀಯಾ ಕೌಕೇ ಎಂಬ ಹಳ್ಳಿಯಲ್ಲಿ ಲಿಯೊನಾರ್ಡೊ ಮಾಟಾ ಅವರು ಮಕ್ಕಳ ತೂಕದ ಗೆರೆಯ ಪಕ್ಕದಲ್ಲಿಯೇ ಅವರಿಗೆ ಬಂದ ಕಾಯಿಲೆಗಳನ್ನೂ ಬರೆದಿಟ್ಟರು. ಕಾಯಿಲೆಗಳು ಒಂದರ ಹಿಂದೊಂದು ಸಾಲುಗಟ್ಟಿದೆಡೆಯಲ್ಲಿ ಏರುತ್ತಿದ್ದ ಗೆರೆ ಮಲಗುತ್ತದೆ. ಆ ಚಿತ್ರಗಳನ್ನು ನೋಡಿದವರಿಗೆ ಬೇರೆ ವಾದ ಬೇಕಾಗುವುದಿಲ್ಲ. ಸೋಂಕು ಮತ್ತು ನ್ಯೂನಪೋಷಣೆ ಒಂದನ್ನೊಂದು ಸಾಕುತ್ತವೆಂಬ ಈ ತತ್ತ್ವವನ್ನು ನೆವಿನ್ ಸ್ಕ್ರಿಮ್‌ಷಾ, ಕಾರ್ಲ್ ಟೇಲರ್, ಜಾನ್ ಗಾರ್ಡನ್ ಎಂಬ ಮೂವರು ಸೇರಿ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗ್ರಂಥವೊಂದರಲ್ಲಿ ಸಮಗ್ರವಾಗಿ ನಿರೂಪಿಸಿದರು. ಇವರಲ್ಲಿ ಟೇಲರ್ ಅವರು ನಮ್ಮ ಮಸ್ಸೂರಿಯಲ್ಲಿ ಹುಟ್ಟಿದವರು. ಪಂಜಾಬಿನ ನಾರಂಗವಾಲದ ಹಳ್ಳಿಗಳಲ್ಲಿ ವರ್ಷಗಟ್ಟಲೆ ದುಡಿದವರು.

ಹಾಗಾದರೆ ದಡಾರದ ಲಸಿಕೆಯೆಂದರೇನು? ಅದು ಒಂದು ರೋಗವನ್ನು ತಡೆಯುವ ಔಷಧವೆಂದು ಮಾತ್ರ ತಿಳಿಯಬಾರದು. ಮಗು ತಿಂದ ಅನ್ನವು ರೋಗದ ಪಾಲಾಗದಂತೆ ಕಾಯುವ ಕಾವಲೂ ಅದು. ನಾಯಿಕೆಮ್ಮಿನ ಲಸಿಕೆಯೂ ಹಾಗೆಯೇ: ಆ ಕೆಮ್ಮು ಬಂದ ಮಗು ಕೆಮ್ಮಿ ಕೆಮ್ಮಿ ತಿಂದುದನ್ನೆಲ್ಲ ಕಾರಿಕೊಂಡು ವಾರಗಟ್ಟಲೆ ಉಪವಾಸವಿದ್ದಂತೆ ಇರುತ್ತದೆ. ರೋಟಾ ವೈರಸ್ಸಿನ ಹನಿಯಂತೂ ನೇರವಾಗಿ ಭೇದಿಯ ವಿರುದ್ಧವೇ ಇರುವುದು.

ಈಗ ಬಡಕಲು ಮಗುವಿನ ಮಾತಿಗೆ ಬರೋಣ. ಸೊರಗಿದ ಮಗು ಸೂಜಿಯನ್ನು ತಡೆಯಲಾರದೆಂಬ ಭಯ ಬಹಳ ಹಳೆಯದು. ಹಳ್ಳಿಗಳಲ್ಲಿ ದಾಕು ಹಾಕುವವರು ಬಂದರೆಂದು ಮಕ್ಕಳನ್ನು ಕಣಜದ ಹಿಂದೆ ಅಡಗಿಸುತ್ತಿದ್ದ ಕಾಲದ ಉಳಿಕೆ ಅದು. ನಿಜಸ್ಥಿತಿ ಏನೆಂದರೆ, ಲಸಿಕೆಗೆ ಉತ್ತರ ಕೊಡುವುದಕ್ಕೆ ದೇಹಕ್ಕೆ ಬೇಕಾಗುವ ಬಂಡವಾಳ ಬಲು ಸ್ವಲ್ಪ. ನ್ಯೂನಪೋಷಿತ ಮಕ್ಕಳಲ್ಲಿಯೂ ಚುಚ್ಚಿ ಹಾಕುವ ಲಸಿಕೆಗಳು ಬಹುಮಟ್ಟಿಗೆ ಸಾಕಾದಷ್ಟು ರಕ್ಷಣೆಯನ್ನು ಹುಟ್ಟಿಸುತ್ತವೆ. ಒಂದೆರಡು ದಿನ ಬರುವ ಸಣ್ಣ ಜ್ವರಕ್ಕೂ ಎರಡು ವಾರ ಮಲಗಿಸುವ ದಡಾರಕ್ಕೂ ಹೋಲಿಕೆಯೆಲ್ಲಿ? ಪುಷ್ಟವಾದ ಮಗು ದಡಾರ ಬಂದರೂ ಬಹುಶಃ ಎದ್ದು ಬಂದೀತು. ಬಡಕಲು ಮಗುವಿಗೆ ಆ ಭರವಸೆಯಿಲ್ಲ. ಹಾಗಿರುವಲ್ಲಿ ಲಸಿಕೆಯ ಸಾಲಿನಲ್ಲಿ ಮುಂದೆ ನಿಲ್ಲಬೇಕಾದವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ: ನ್ಯೂನಪೋಷಣೆಯು ಲಸಿಕೆಯನ್ನು ಮುಂದೂಡುವುದಕ್ಕೆ ಕಾರಣವಾಗಕೂಡದು. ತೀರ ಸೊರಗಿ ಆಸ್ಪತ್ರೆ ಸೇರಿದ ಆರು ತಿಂಗಳು ಮೀರಿದ ಶಿಶುವಿಗೆ ಒಂಬತ್ತನೆಯ ತಿಂಗಳವರೆಗೂ ಕಾಯದೆ ದಡಾರದ ಲಸಿಕೆಯನ್ನು ಹಾಕಿ, ಒಂಬತ್ತು ತುಂಬಿದ ಮೇಲೆ ಮತ್ತೆ ಹಾಕಬೇಕೆನ್ನುತ್ತದೆ. ನಾವು ಮಾಡುತ್ತಿರುವುದು ಇದಕ್ಕೆ ನೇರ ವಿರುದ್ಧ. ಸೊರಗಿದೆಯೆಂದು ಕಾಯಿಸುತ್ತೇವೆ; ಕಾಯುವಾಗ ರೋಗ ಬರುತ್ತದೆ; ರೋಗದಿಂದ ಇನ್ನೂ ಸೊರಗಿತೆಂದು ಮತ್ತಷ್ಟು ಕಾಯಿಸುತ್ತೇವೆ.

ಬಾಯಿಯ ಮೂಲಕ ಕೊಡುವ ಹನಿಗಳ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ರೋಟಾ ವೈರಸ್ಸಿನ ಲಸಿಕೆ ಶ್ರೀಮಂತ ರಾಷ್ಟ್ರಗಳ ಮಕ್ಕಳಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮೇಲ್ಪಟ್ಟು ತೀವ್ರವಾದ ಭೇದಿಯನ್ನು ತಡೆಯುತ್ತದೆ. ನಮ್ಮ ದೇಶದಲ್ಲಿಯೇ ಸಿದ್ಧವಾಗಿ 2016ರಿಂದ ಮಕ್ಕಳಿಗೆ ದೊರೆಯುತ್ತಿರುವ ರೋಟಾವ್ಯಾಕ್ ಎಂಬುದು ಇಲ್ಲಿಯ ಪರೀಕ್ಷೆಯಲ್ಲಿ ಮೊದಲ ವರ್ಷ ಐವತ್ತಾರರಷ್ಟನ್ನು ತಡೆಯಿತು. ಲಸಿಕೆ ಕಳಪೆಯೆಂದಲ್ಲ, ಹೊರದೇಶದ ಲಸಿಕೆಗಳ ಗತಿಯೂ ಬಡನಾಡುಗಳಲ್ಲಿ ಇದೇ ಆಯಿತು. ಪೋಲಿಯೋ ಹನಿಯಲ್ಲಿಯೂ ಹೀಗಾಗುವುದನ್ನು ವೆಲ್ಲೂರಿನ ಟಿ. ಜೇಕಬ್ ಜಾನ್ ಅವರು 1970ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದರು. ಕೊಳೆಯ ನಡುವೆ ಬೆಳೆಯುವ ಮಗುವಿನ ಕರುಳು ಪದೇ ಪದೇ ಸೋಂಕಿಗೆ ಸಿಕ್ಕಿ ಒಳಗೊಳಗೇ ಸವೆದಿರುತ್ತದೆ. ಅಂಥ ಕರುಳು ಅನ್ನದ ಸಾರವನ್ನೂ ಪೂರ್ತಿ ಹೀರಿಕೊಳ್ಳದು, ಹನಿಯ ಪಾಠವನ್ನೂ ಪೂರ್ತಿ ಕಲಿಯದು. ಇದಕ್ಕೆ ಸವೆದ ಕರುಳೊಂದೇ ಕಾರಣವಲ್ಲ, ಬೇರೆ ಕಾರಣಗಳೂ ಉಂಟು. ಆದರೆ ಇದು ಮುಖ್ಯವಾದುವುಗಳಲ್ಲಿ ಒಂದೆಂದು ತಿಳಿದವರು ಎಣಿಸುತ್ತಾರೆ. ಆದ್ದರಿಂದ ಹನಿಯನ್ನು ಬಿಡಬೇಕೆಂದೆ? ಎಂದಿಗೂ ಅಲ್ಲ. ಭೇದಿ ಹೆಚ್ಚಾಗಿರುವ ಊರಿನಲ್ಲಿ ಅದರ ಅರ್ಧವನ್ನು ತಡೆದರೂ ಉಳಿಯುವ ಪ್ರಾಣಗಳು ಬಹಳ. ಹನಿಯ ಜೊತೆಗೆ ಶುದ್ಧವಾದ ನೀರೂ ಶೌಚಾಲಯವೂ ಕೈತೊಳೆಯುವ ಸಾಬೂನೂ ಬೇಕೆಂಬುದಷ್ಟೇ ಇದರ ಅರ್ಥ.

ಇಷ್ಟು ಹೇಳಿದ ಮೇಲೆ, ಲಸಿಕೆಯೊಂದರಿಂದಲೇ ಮಕ್ಕಳು ಪುಷ್ಟರಾಗುವರೆಂದು ತಾವು ತಿಳಿಯಬಾರದು. ನಮ್ಮ ಕರ್ನಾಟಕದ ಲೆಕ್ಕವನ್ನೇ ನೋಡಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಒಂದರಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ 84 ಮಕ್ಕಳಿಗೆ ಆ ವಯಸ್ಸಿನ ಮುಖ್ಯ ಲಸಿಕೆಗಳೆಲ್ಲ ಆಗಿದ್ದುವು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 33 ಮಕ್ಕಳು ತಕ್ಕ ತೂಕವಿಲ್ಲದವರು. ಇಡೀ ದೇಶದಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಾದಷ್ಟು ಆಹಾರವನ್ನು ಪಡೆಯುತ್ತಿದ್ದವರು ನೂರಕ್ಕೆ ಹನ್ನೊಂದು ಮಂದಿ. ಹನ್ನೊಂದು! ಸೂಜಿ ತಲಪಿದ ಮನೆಗಳಿಗೆ ತುತ್ತು ತಲಪಲಿಲ್ಲವೆಂದಾಯಿತು. ಲಸಿಕೆಯು ಸೋರಿಕೆಯನ್ನು ತಡೆಯಬಲ್ಲುದು. ಬರಿದಾದ ಕೊಡವನ್ನು ತುಂಬಲಾರದು.

ತುಂಬುವ ಬಗೆಯನ್ನು ನಮ್ಮ ಹಿರಿಯರು ತಿಳಿಯದವರೇನೂ ಅಲ್ಲ. ಆರನೆಯ ತಿಂಗಳಿನಲ್ಲಿ ಅನ್ನಪ್ರಾಶನವನ್ನು ವಿಧಿಸಿದರು. ಇಂದಿನ ವೈದ್ಯರ ಮಾತೂ ಅದೇ, ಆರು ತಿಂಗಳವರೆಗೆ ತಾಯಿಯ ಹಾಲೊಂದೇ, ಆಮೇಲೆ ಹಾಲಿನೊಡನೆ ಅನ್ನ. ಆದರೆ ನಾವು ಶಾಸ್ತ್ರವನ್ನು ಉಳಿಸಿಕೊಂಡು ಅನ್ನವನ್ನು ಕಳೆದುಕೊಂಡಿದ್ದೇವೆ. ಬೆಳ್ಳಿಯ ಬಟ್ಟಲಲ್ಲಿ ಪಾಯಸ ನೆಕ್ಕಿಸಿದ ಮರುದಿನದಿಂದ ಮತ್ತೆ ನೀರುಗಂಜಿ, ಇಲ್ಲವೆ ಚಹದಲ್ಲಿ ಅದ್ದಿದ ಬಿಸ್ಕತ್ತು. ವರ್ಷದ ಮಗುವಿನ ಹೊಟ್ಟೆ ಒಂದು ಸಣ್ಣ ಲೋಟದಷ್ಟು. ಅದನ್ನು ಗಂಜಿಯ ತಿಳಿಯಿಂದ ತುಂಬಿದರೆ ಹೊಟ್ಟೆ ತುಂಬಿತು, ಮೈ ತುಂಬಲಿಲ್ಲ. ಮೈಸೂರು ಸೀಮೆಯ ರಾಗಿಸರಿ ಇದಕ್ಕಿಂತ ಎಷ್ಟೋ ಮೇಲು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ನವುರಾಗಿ ಹುರಿದು ಬೀಸಿದರೆ ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಆದಕಾರಣ ಆ ಹಿಟ್ಟಿನ ಸರಿ ನೀರು ಹೆಚ್ಚು ಬೆರೆಸದೆಯೇ ತೆಳ್ಳಗಾಗುವುದು. ಅಂದರೆ ಅದೇ ಪುಟ್ಟ ಹೊಟ್ಟೆಯಲ್ಲಿ ಹೆಚ್ಚು ಹಿಟ್ಟು ಹಿಡಿಯುವುದು. ನೂರು ಗ್ರಾಮು ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕು ಸುಣ್ಣದ ಅಂಶವಿದೆ. ಅದಕ್ಕೆ ತುಸು ಹೆಸರುಬೇಳೆಯ ಹಿಟ್ಟು, ಒಂದು ಚಮಚ ತುಪ್ಪ, ಎಂಟು ಹತ್ತು ತಿಂಗಳಿಗೆ ನುಣ್ಣಗೆ ಕಿವಿಚಿದ ನುಗ್ಗೆಸೊಪ್ಪೋ ಹೊನಗೊನೆ ಸೊಪ್ಪೋ ಕುಂಬಳದ ಹೋಳೋ ಸೇರಿದರೆ, ಒಪ್ಪುವವರು ಮೊಟ್ಟೆಯನ್ನೂ ಸೇರಿಸಿದರೆ, ಡಬ್ಬಿಯ ಆಹಾರದ ಗೊಡವೆ ಬೇಕಿಲ್ಲ.

ಸೊಪ್ಪಿನ ಮಾತು ಬಂದುದರಿಂದ ಏ ಜೀವಸತ್ತ್ವದ ವಿಚಾರವಾಗಿ ಇನ್ನೊಂದು ಮಾತು. ಮಕ್ಕಳ ಕುರುಡನ್ನು ತಡೆಯುವುದಕ್ಕಾಗಿ ನಮ್ಮ ದೇಶದಲ್ಲಿ 1970ರಿಂದ ಇದರ ದೊಡ್ಡ ಪ್ರಮಾಣವನ್ನು ಆರು ತಿಂಗಳಿಗೊಮ್ಮೆ ಕುಡಿಸುವ ಯೋಜನೆ ನಡೆದಿದೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ದಿನವೇ ಮೊದಲ ಪ್ರಮಾಣ, ಒಂದು ಲಕ್ಷ ಯೂನಿಟ್ಟು. ಆಮೇಲಿನದು ಎರಡೆರಡು ಲಕ್ಷ. ಅನ್ನವೂ ಲಸಿಕೆಯೂ ಒಂದೇ ಮೇಜಿನ ಮೇಲೆ ಸೇರುವ ದಿನ ಅದು. ಆದರೆ ಈ ಪಾನಕದ ಫಲ ಎಲ್ಲ ಕಡೆಯೂ ಒಂದೇ ಆಗಿಲ್ಲ. ತಮಿಳುನಾಡಿನಲ್ಲಿ 1990ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆಹಾರದಿಂದ ದೊರೆಯಬಹುದಾದಷ್ಟೇ ಸಣ್ಣ ಪ್ರಮಾಣವನ್ನು ವಾರವಾರವೂ ಕೊಟ್ಟಾಗ ಮಕ್ಕಳ ಸಾವು ಅರ್ಧಕ್ಕಿಂತ ಹೆಚ್ಚಾಗಿ ಇಳಿಯಿತು. ಉತ್ತರಪ್ರದೇಶದಲ್ಲಿ ಹತ್ತು ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರು ತಿಂಗಳಿಗೊಮ್ಮೆಯ ದೊಡ್ಡ ಪ್ರಮಾಣದಿಂದ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ವಿದ್ವಾಂಸರು ಇದನ್ನು ಇನ್ನೂ ಚರ್ಚಿಸುತ್ತಿದ್ದಾರೆ. ನನಗೆ ತೋರುವುದಿಷ್ಟು: ಆರು ತಿಂಗಳಿಗೊಮ್ಮೆ ಬರುವ ಚಮಚವು ದಿನದಿನದ ಸೊಪ್ಪಿಗೆ ಬದಲಿ ಎಂದು ಯಾರೂ ನೆಮ್ಮದಿಯಿಂದ ಕೂರುವ ಹಾಗಿಲ್ಲ.

ಕಾಯಿಲೆಯ ದಿನಗಳ ಪಥ್ಯದ ವಿಷಯವಾಗಿಯೂ ಹೇಳದೆ ಇರಲಾರೆ. ಜ್ವರಕ್ಕೆ ಲಂಘನವೇ ಪರಮೌಷಧ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಹಬ್ಬದೂಟ ಮಾಡಿ ಹೊಟ್ಟೆ ಕೆಡಿಸಿಕೊಂಡ ಯಜಮಾನರಿಗೆ ಅದು ಒಪ್ಪುವ ಮಾತೇ. ಹಾಲು ಹಲ್ಲಿನ ಕೂಸಿಗೆ ಅದನ್ನು ಅನ್ವಯಿಸಿದರೆ ಅನ್ಯಾಯ. ಮನೆಯಲ್ಲಿ ಅಮ್ಮ ಬಂದಿದ್ದಾಳೆಂದು ಒಗ್ಗರಣೆ ಹಾಕದಿರುವುದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಇವುಗಳಿಂದ ಹಾನಿಯಿಲ್ಲ. ಹೊರಗಿನವರನ್ನು ತಡೆಯುವುದು ಒಳ್ಳೆಯದೇ. ಆದರೆ ಮಗುವಿಗೆ ತುಪ್ಪ ಹಾಲು ಬೇಳೆಗಳನ್ನು ನಿಲ್ಲಿಸಿ ನೀರುಗಂಜಿಯೊಂದರ ಮೇಲೆ ವಾರಗಟ್ಟಲೆ ಇಡುವ ವಾಡಿಕೆ ಮಾತ್ರ ಕೂಡದು. ರೋಗವಿರುವಾಗ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಉಣಿಸಬೇಕು, ಮೊಲೆಹಾಲನ್ನು ಎಂದೂ ನಿಲ್ಲಿಸಬಾರದು. ರೋಗ ಬಿಟ್ಟ ಮೇಲೆ ಎರಡು ವಾರವಾದರೂ ದಿನಕ್ಕೊಂದು ಊಟವನ್ನು ಹೆಚ್ಚಾಗಿ ಕೊಡಬೇಕು. ಕಳೆದ ತೂಕವನ್ನು ಮರಳಿ ಪಡೆಯಲು ದೇಹವು ಹಾತೊರೆಯುವುದು ಆಗಲೇ.

ಅನ್ನವನ್ನೂ ಲಸಿಕೆಯನ್ನೂ ಒಂದೇ ಸೂರಿನಡಿ ತರುವ ಪ್ರಯತ್ನ ನಮ್ಮ ನಾಡಿನಲ್ಲಿ ಆಗದೆ ಇಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ ಇವೆಲ್ಲವೂ ಒಂದು ಅಂಗನವಾಡಿಯಲ್ಲಿ ದೊರೆಯಬೇಕೆಂಬುದು ಅದರ ಸಂಕಲ್ಪ. ಹತ್ತು ವರ್ಷಗಳ ತರುವಾಯ, 1985ರಲ್ಲಿ, ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಆರಂಭವಾಗಿ ದಡಾರದ ಲಸಿಕೆಯೂ ಅದರಲ್ಲಿ ಸೇರಿತು. 2017ರಲ್ಲಿ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಒಂದೇ ಲಸಿಕೆಯನ್ನು ಹಾಕುವ ಅಭಿಯಾನ ನಡೆದಾಗ ಅದನ್ನು ಮೊದಲು ಕೈಗೊಂಡ ರಾಜ್ಯಗಳಲ್ಲಿ ನಮ್ಮದೂ ಒಂದು. ಈ ಏರ್ಪಾಡನ್ನು ಹಾಸ್ಯಮಾಡುವುದು ಸುಲಭ. ಒಬ್ಬಳೇ ಕಾರ್ಯಕರ್ತೆ ಅಡುಗೆಯ ಮೇಲ್ವಿಚಾರಣೆಯನ್ನೂ ತೂಕವನ್ನೂ ಪಾಠವನ್ನೂ ಲೆಕ್ಕದ ಪುಸ್ತಕಗಳನ್ನೂ ನೋಡಿಕೊಳ್ಳುವ ಕಷ್ಟವನ್ನು ಒಂದು ದಿನ ಹೋಗಿ ಕುಳಿತು ನೋಡಿದವರು ಹಾಸ್ಯಮಾಡಲಾರರು.

ಪಟ್ಟಣವಾಸಿಗಳಾದ ತಮಗೆ ಅಂಗನವಾಡಿಯ ಸಂಬಂಧವೇನೆಂದು ಕೇಳಬಹುದು. ತಮ್ಮ ಮೊಮ್ಮಗು ಅಲ್ಲಿಗೆ ಹೋಗದು. ಆದರೆ ತಮ್ಮ ಮನೆಯ ಪಾತ್ರೆ ತೊಳೆಯುವಾಕೆಯ ಮಗು ಹೋಗುತ್ತದೆ, ಎದುರಿಗೆ ಕಟ್ಟಡ ಕಟ್ಟುತ್ತಿರುವ ಕೂಲಿಯವರ ಮಗು ಹೋಗಬೇಕಾದುದು ಹೋಗುತ್ತಿಲ್ಲ. ಆ ತಾಯಿ ಲಸಿಕೆಯನ್ನು ತಪ್ಪಿಸುವುದು ಅಜ್ಞಾನದಿಂದಲೇ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಲಸಿಕೆಯ ದಿನ ಅರ್ಧ ದಿನದ ಕೂಲಿ ಹೋಗುವುದು. ರಾತ್ರಿ ಮಗುವಿಗೆ ಮೈ ಬೆಚ್ಚಗಾದರೆ ಮರುದಿನದ್ದೂ ಹೋಗುವುದು. ಆ ಕೂಲಿಯಿಂದಲೇ ಮಗುವಿನ ಹಾಲು ಬರಬೇಕು. ಅನ್ನಕ್ಕೂ ಲಸಿಕೆಗೂ ಇರುವ ನಂಟನ್ನು ಆಕೆ ನಮಗಿಂತ ಚೆನ್ನಾಗಿ ಬಲ್ಲಳು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಇಕ್ಕಟ್ಟು ಅವಳದು. ಆ ಎರಡು ದಿನಗಳ ಸಂಬಳವನ್ನು ಹಿಡಿಯದೆ ಅವಳನ್ನು ಕಳುಹಿಸಿಕೊಡುವುದು ತಮ್ಮ ಕೈಯಲ್ಲಿದೆ.

ಕಳುಹಿಸುವಾಗ ಅವಳ ತಾಯಿ ಕಾರ್ಡನ್ನು ಒಮ್ಮೆ ಕೇಳಿ ನೋಡಿರಿ. ಅದರಲ್ಲಿ ಲಸಿಕೆಯ ಪಟ್ಟಿಯೂ ಇದೆ, ತೂಕದ ಗೆರೆ ಎಳೆಯುವ ಪಟವೂ ಇದೆ. ಲಸಿಕೆಯ ಪುಟದಲ್ಲಿ ಆರು, ಹತ್ತು, ಹದಿನಾಲ್ಕು ವಾರಗಳ ಮುಂದೆ ತಾರೀಖುಗಳು ಬಿದ್ದಿರುತ್ತವೆ. ಒಂಬತ್ತನೆಯ ತಿಂಗಳದೂ ಬಹುಶಃ ಇರುತ್ತದೆ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗಿನ ದಡಾರದ ಎರಡನೆಯ ಸೂಜಿಯ ಮುಂದೆ ಜಾಗ ಖಾಲಿಯಿರುವುದನ್ನು ಬಹಳ ಕಡೆ ಕಾಣಬಹುದು. ಒಂಬತ್ತನೆಯ ತಿಂಗಳ ಸೂಜಿಯಿಂದ ನೂರಕ್ಕೆ ಹದಿನೈದು ಮಕ್ಕಳಿಗೆ ರಕ್ಷಣೆ ಹುಟ್ಟದೆ ಉಳಿಯುವುದುಂಟು, ಅವರಿಗಾಗಿಯೇ ಈ ಎರಡನೆಯದು. ಮಗು ನಡೆಯಲು ಕಲಿತು, ಮೊಲೆ ಬಿಡುತ್ತ, ಮನೆಯವರ ತಟ್ಟೆಯಿಂದ ತಿನ್ನತೊಡಗುವ ಕಾಲವೂ ಅದೇ. ಇನ್ನು ತೂಕದ ಪುಟವನ್ನು ತಿರುವಿದರೆ, ಚುಕ್ಕೆಗಳು ನಾಲ್ಕೋ ಐದೋ ಇದ್ದು ಅಲ್ಲಿಗೇ ನಿಂತಿರುತ್ತವೆ. ಸೂಜಿ ಹಾಕಿಸಲು ಹೋದಾಗ ಮಗುವನ್ನು ತಕ್ಕಡಿಯ ಮೇಲೂ ಒಮ್ಮೆ ಕೂರಿಸಿ ಚುಕ್ಕೆಯಿಡಿಸಿಕೊಂಡು ಬಾ ಎಂದು ಅವಳಿಗೆ ಹೇಳಿಕಳುಹಿಸಿರಿ. ತಮ್ಮ ಮನೆಯ ಮಗುವಿನ ಪುಸ್ತಕದಲ್ಲಿಯೂ ಆ ಪುಟ ಭರ್ತಿಯಾಗಿದೆಯೇ ಎಂದು ಈ ರಾತ್ರಿಯೇ ತೆಗೆದು ನೋಡಬಹುದು.